ಕ್ರಿಸ್‌ಮಸ್ ಊಟದ ಕೊನೆಗೆ ಚೈನಾ ಗ್ರಾಸ್

ಈ ಸಲ ಕ್ರಿಸ್‌ಮಸ್ ಊಟಕ್ಕೆ ಒಂದು ತಣ್ಣನೆಯ ಹಣ್ಣಿನ ಜೆಲ್ಲಿ ಇರಲಿ, ಅದನ್ನು ಜೆಲಟಿನ್ ಬದಲು ಚೈನಾ ಗ್ರಾಸ್ ಹಾಕಿ ಮಾಡಿ. ಪ್ಲಮ್ ಕೇಕ್, ಕಲ್ಕಲ್, ರೋಸ್ ಕುಕೀಸ್ ಎಲ್ಲವೂ ಒಣ ತಿಂಡಿಗಳೇ. ಬಿರಿಯಾನಿ ಆದ ಮೇಲೆ ಬಾಯಿ ತಂಪನ್ನೇ ಕೇಳುತ್ತದೆ, ಅಲ್ವಾ? ಚೈನಾ ಗ್ರಾಸ್ ಕಡಲ ಪಾಚಿಯಿಂದ ಬರುವುದರಿಂದ ಸಸ್ಯಾಹಾರಿ ನೆಂಟರೂ ತಿನ್ನಬಹುದು. ಬೆಂಗಳೂರಿನ ಡಿಸೆಂಬರ್ ಚಳಿಗೆ ಅಡುಗೆಕಟ್ಟೆ ಮೇಲೇ ಗಟ್ಟಿಯಾಗುತ್ತದೆ, ಬಡಿಸುವ ಮುಂಚೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು. ಹಸಿ ಅನಾನಸ್ ಹಾಕಿದರೂ ಕೆಡುವುದಿಲ್ಲ. ಜೆಲಟಿನ್ ಪ್ರೋಟೀನ್, ಅನಾನಸ್‌ನಲ್ಲಿರುವ ಕಿಣ್ವ ಅದನ್ನು ಒಡೆದುಬಿಡುತ್ತದೆ; ಚೈನಾ ಗ್ರಾಸ್ ಪ್ರೋಟೀನ್ ಅಲ್ಲ. ಒಂದು ಲೀಟರಿಗೆ 10 ಗ್ರಾಂ ಎಳೆ ಲೆಕ್ಕ, ಪುಡಿಯಾದರೆ ಕಡಿಮೆ ಸಾಕು. ಆದರೆ ಹುಳಿ ರಸದ ಜೊತೆ ಕುದಿಸಬೇಡಿ, ಗಟ್ಟಿಯಾಗುವ ಶಕ್ತಿ ಹೋಗುತ್ತದೆ. ನೀರಿನಲ್ಲಿ ಪೂರ್ತಿ ಕರಗಿಸಿ, ಒಲೆ ಆರಿಸಿ, ಆಮೇಲೆ ಬೆಚ್ಚಗಿನ ರಸ ಸೇರಿಸಿ. ತಣ್ಣನೆ ರಸ ಸುರಿದರೆ ಗಂಟಾಗುತ್ತದೆ. ಹಾಲಿನ ಪುಡ್ಡಿಂಗ್ ಮಾಡುವುದಾದರೆ ಮಾತ್ರ ಹಸಿ ಅನಾನಸ್ ಬೇಡವೇ ಬೇಡ, ಕಹಿಯಾಗುತ್ತದೆ. ಫ್ರೀಜರ್‌ನಲ್ಲೂ ಇಡಬೇಡಿ, ಸುಮ್ನೆ ನೀರು ಬಿಡುತ್ತದೆ.