ಚಕ್ಕೆ ಬೀಳಬೇಕು, ಪುಡಿಯಲ್ಲ

ಚೈನ್‌ಸಾ ತಂದ ಮೊದಲ ವರ್ಷ ನಾನು ಚೈನ್‌ಗೆ ಒಮ್ಮೆಯೂ ಅರ ಹಾಕಿರಲಿಲ್ಲ. ಸರಿಯಾಗಿ ಕೊಯ್ಯದಿದ್ದರೆ ಇನ್ನಷ್ಟು ಒತ್ತುತ್ತಿದ್ದೆ, ಅಷ್ಟೇ. ಒಂದು ದಿನ ಹಾಗೇ ಮೈಭಾರವೆಲ್ಲ ಹಾಕಿ ದಿಮ್ಮಿ ಕೊಯ್ಯುತ್ತಿದ್ದೆ. ಬಾರ್‌ನ, ಅಂದರೆ ಚೈನ್ ಸುತ್ತುವ ಉದ್ದನೆಯ ಅಲಗಿನ ತುದಿ ಆಚೆ ಬಿದ್ದಿದ್ದ ಕೊಂಬೆಗೆ ತಗುಲಿದ್ದು ನನಗೆ ಕಾಣಲೇ ಇಲ್ಲ. ಮಿಷನ್ ಸೀದಾ ಮುಖದ ಕಡೆಗೆ ಚಿಮ್ಮಿತು. ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಸುತ್ತಿ ಹಿಡಿದಿತ್ತು, ಮಣಿಕಟ್ಟು ಬ್ರೇಕ್ ಗಾರ್ಡ್‌ಗೆ ಬಡಿದು ಚೈನ್ ನಿಂತಿತು. ಬಾರ್ ತುದಿಯ ಮೇಲರ್ಧ ಯಾವುದಕ್ಕೂ ತಾಗಬಾರದು ಅಂತ ಓದಿದ್ದೆ. ಓದಿದ್ದು ಬೇರೆ, ಅನುಭವಿಸಿದ್ದು ಬೇರೆ ಅಲ್ವಾ?

ಆ ಸಂಜೆ ಕೊಯ್ದಾಗ ನೆಲದ ಮೇಲೆ ಬಿದ್ದದ್ದನ್ನು ಕೈಯಲ್ಲಿ ತೆಗೆದುಕೊಂಡು ನೋಡಿದೆ. ಹಿಟ್ಟಿನ ಹಾಗೆ ನುಣ್ಣಗಿತ್ತು. ಹರಿತವಾದ ಚೈನ್ ಚಕ್ಕೆ ಉದುರಿಸುತ್ತದೆ, ಮೊಂಡು ಚೈನ್ ಪುಡಿ ಮಾಡುತ್ತದೆ. ಹರಿತವಾಗಿದ್ದರೆ ಒತ್ತಬೇಕಾಗಿಯೇ ಇಲ್ಲ, ಚೈನ್ ತಾನೇ ಮರದೊಳಕ್ಕೆ ಎಳೆದುಕೊಂಡು ಹೋಗುತ್ತದೆ.

ನನ್ನದು 0.325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನ್, ಅದಕ್ಕೆ 4.8 ಮಿ.ಮೀ. ಗುಂಡು ಅರ ಬೇಕು. ಬಾರನ್ನು ವೈಸ್‌ಗೆ ಕಚ್ಚಿಸಿ, ಮೊದಲ ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕುತ್ತೇನೆ. ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಿದೆ ಅನ್ನೋದೇ ಮರೆತುಹೋಗುತ್ತದೆ. ಅರ 30 ಡಿಗ್ರಿ ಓರೆಯಲ್ಲಿರಬೇಕು, ಒಳಗಿನಿಂದ ಹೊರಕ್ಕೆ ಮಾತ್ರ ನೂಕಬೇಕು. ಹಿಂದಕ್ಕೆ ತರುವಾಗ ಎತ್ತಬೇಕು. ಒಂದು ಹಲ್ಲಿಗೆ ಮೂರು ಸಲ, ಎಲ್ಲದಕ್ಕೂ ಅಷ್ಟೇ. ಮೊದಮೊದಲು ಎಣಿಸುತ್ತಿರಲಿಲ್ಲ. ಒಂದು ಬದಿಯ ಹಲ್ಲುಗಳು ಜಾಸ್ತಿ ಸವೆದು, ಕೊಯ್ತ ಕುಡುಗೋಲಿನ ಹಾಗೆ ಡೊಂಕಾಗತೊಡಗಿತು. ಮಿಷನ್ನೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಬಿಚ್ಚಿ ಜೋಡಿಸಿದ್ದೇ ಬಂತು.

ಹಲ್ಲಿನ ಮುಂದಿರುವ ಚಿಕ್ಕ ಉಬ್ಬನ್ನೂ ಮರೆಯಬಾರದು. ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ನಾಲ್ಕೈದು ಸಲ ಅರ ಹಾಕಿದ ಮೇಲೆ ಚಪ್ಪಟೆ ಅರದಿಂದ ತಗ್ಗಿಸುತ್ತೇನೆ. ಬೇಗ ಕೊಯ್ಯಲಿ ಅಂತ ಜಾಸ್ತಿ ತಗ್ಗಿಸಿದರೆ ಮಿಷನ್ ಚಿಮ್ಮುವುದೂ ಜಾಸ್ತಿಯಾಗುತ್ತದೆ.

ಮರ ಬೀಳಿಸುವಾಗ ಮೊದಲು ಕತ್ತೆತ್ತಿ ನೋಡುತ್ತೇನೆ, ಒಣಗಿದ ಕೊಂಬೆ ನೇತಾಡುತ್ತಿದೆಯಾ ಅಂತ. ಆಮೇಲೆ ಬೀಳುವ ದಿಕ್ಕಿಗೆ ಬೆನ್ನು ಹಾಕಿ, 45 ಡಿಗ್ರಿ ಓರೆಯಲ್ಲಿ ಓಡಲು ದಾರಿ ಸವರಿಕೊಳ್ಳುತ್ತೇನೆ. ಬೇರೆಯವರು ಮರದ ಎರಡು ಎತ್ತರದಷ್ಟು ದೂರದಲ್ಲಿರಬೇಕು. ಬೀಳುವ ಕಡೆಗೆ ಕಾಂಡದ ಕಾಲುಭಾಗದಷ್ಟು ಆಳದ ಕಚ್ಚು, ಹಿಂದಿನಿಂದ ಅದಕ್ಕಿಂತ ಸ್ವಲ್ಪ ಮೇಲೆ ಕೊಯ್ತ. ಪೂರ್ತಿ ಕೊಯ್ಯದೆ ನಡುವೆ ಹತ್ತನೇ ಒಂದು ಭಾಗ ಉಳಿಸಬೇಕು. 30 ಸೆಂ.ಮೀ. ಕಾಂಡಕ್ಕೆ 3 ಸೆಂ.ಮೀ. ಬಾಗಿಲ ಕೀಲಿನ ಹಾಗೆ ಮರವನ್ನು ತಿರುಗಿಸಿ ಮಲಗಿಸುವುದು ಆ ಪಟ್ಟಿಯೇ. ಮರ ಬಾರನ್ನು ಕಚ್ಚಿಕೊಳ್ಳದಂತೆ ಪ್ಲಾಸ್ಟಿಕ್ ಬೆಣೆ ಹೊಡೆಯುತ್ತೇನೆ. ತುಂಬಾ ವಾಲಿದ ಮರಕ್ಕೆ ನಾನು ಕೈ ಹಾಕುವುದಿಲ್ಲ. ಅರ್ಧ ಕೊಯ್ಯುವಷ್ಟರಲ್ಲಿ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯಬಹುದು.

ಹೆಲ್ಮೆಟ್, ಕಿವಿಮುಚ್ಚಿಗೆಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಚೈನ್‌ಸಾ ಪ್ಯಾಂಟ್ ಮಾತ್ರ ದುಬಾರಿ ಆಡಂಬರ ಅಂದುಕೊಂಡಿದ್ದೆ. ಒಳಗಿನ ಎಳೆಗಳು ಚೈನ್‌ಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ ಅಂತ ತಿಳಿದ ಮೇಲೆ ತಂದೆ.

ಇನ್ನು ಪೆಟ್ರೋಲ್ ಲೀಟರಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. ಕೆಲಸ ಮುಗಿದ ಮೇಲೆ ಏರ್ ಫಿಲ್ಟರ್ ಕೊಡವಿ, ಬಾರ್ ಮಗುಚಿ ಹಾಕಿ, ಚೈನ್ ಸ್ವಲ್ಪ ಸಡಿಲಿಸಿಡುತ್ತೇನೆ. ಬಿಸಿಯಲ್ಲಿ ಹಿಗ್ಗಿದಾಗ ಬಿಗಿ ಮಾಡಿದ ಚೈನ್, ತಣ್ಣಗಾದಾಗ ಕುಗ್ಗಿ ಎಂಜಿನ್ನಿನ ಶಾಫ್ಟನ್ನೇ ಎಳೆಯುತ್ತದೆ.