10 ಗಂಟೆ 25 ನಿಮಿಷ ಮತ್ತು ನಮ್ಮ ಕೆಂಚಿ

ನಾಯಿ ಸಾಕೋಣ ಅಂತ ನಾವಿಬ್ಬರೂ ಒಪ್ಪಿಕೊಂಡ ರಾತ್ರಿಯೇ ಜಗಳ ಶುರುವಾಯಿತು. ನನ್ನ ಗಂಡನಿಗೆ ಲ್ಯಾಬ್ರಡಾರ್ ಬೇಕು. ನನಗೆ ಬೀಗಲ್. ಆ ಕಿವಿ, ಆ ಕಣ್ಣು! ತಟ್ಟೆಯಲ್ಲಿದ್ದ ಸಾರು ಆರಿ ತಣ್ಣಗಾಗುವವರೆಗೂ ವಾದ ಮಾಡಿದೆವು. ಮಾರನೆಯ ದಿನ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕುವಾಗ ಯಾಕೋ ಗಡಿಯಾರ ನೋಡಿದೆ. 9.10. ಸಂಜೆ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು ಬಂದು ಅದೇ ಬೀಗ ತೆಗೆದಾಗ 7.35.

ಅಂದರೆ 10 ಗಂಟೆ 25 ನಿಮಿಷ ಆ ಮನೆಯಲ್ಲಿ ಫ್ರಿಜ್ಜು ಬಿಟ್ಟರೆ ಇನ್ಯಾರೂ ಸದ್ದು ಮಾಡಿರಲಿಲ್ಲ.

ಅಂದೇ ಫ್ರಿಜ್ಜಿಗೆ ಒಂದು ಹಾಳೆ ಅಂಟಿಸಿದೆ. ಬೀಗ ಹಾಕಿದ ಹೊತ್ತು, ತೆಗೆದ ಹೊತ್ತು, ಎರಡೇ ಕಾಲಂ. ಎರಡು ವಾರ ಬರೆದೆವು. ಗಂಡನಿಗೆ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ. ಉಳಿದ ಮೂರು ದಿನ ಒಂದೂ ಹತ್ತು ಗಂಟೆಗೆ ಕಮ್ಮಿ ಇಳಿಯಲಿಲ್ಲ. ಒಂದು ಶುಕ್ರವಾರವಂತೂ 12. ತಳಿಯ ವಿಷಯಕ್ಕೆ ಜಗಳ ಆಡುವ ಮೊದಲು ಈ ಹಾಳೆ ಬರೆಯಬೇಕಿತ್ತು ಅಂತ ಆಗ ಗೊತ್ತಾಯಿತು. ನಾವು ಹುಡುಕಬೇಕಾದದ್ದು ಚೆಂದದ ನಾಯಿಯನ್ನಲ್ಲ, ವಾರಕ್ಕೆ ಮೂರು ದಿನ ಆ ಹತ್ತು ಗಂಟೆಯನ್ನು ತಡೆದುಕೊಳ್ಳುವ ನಾಯಿಯನ್ನು.

ಹಾಳೆ ಹಿಡಿದುಕೊಂಡೇ ನಮ್ಮ ಬೀದಿಯ ಪಶುವೈದ್ಯರ ಹತ್ತಿರ ಹೋದೆವು. ಅವರು ನೋಡಿ ನಕ್ಕರು. "ಮರಿ ತರೋ ಆಸೆ ಬಿಟ್ಟುಬಿಡಿ" ಅಂದರು. ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ, ಅದರ ಮೇಲೆ ಒಂದು ಗಂಟೆ, ಅದು ಉಚ್ಚೆ ತಡೆಯುವುದು ಹೆಚ್ಚೆಂದರೆ ಅಷ್ಟೇ ಹೊತ್ತಂತೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಲಸಿಕೆಗಳು ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಸಾಗುತ್ತವೆ, ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಪಾರ್ವೋ ಅನ್ನುವ ಮಾರಕ ವೈರಸ್ ಕಾಯಿಲೆಯ ಭಯಕ್ಕೆ ಅಲ್ಲಿಯವರೆಗೆ ಬೀದಿಯಲ್ಲಿ ಬಿಡುವ ಹಾಗಿಲ್ಲ. ಆದರೆ ಮನುಷ್ಯರು, ಸದ್ದು, ಗಾಡಿ ಎಲ್ಲವನ್ನೂ ಮರಿ ಕಲಿಯುವ ವಯಸ್ಸೂ ಅದೇ. ಆ ವಯಸ್ಸಿನಲ್ಲಿ ದಿನಕ್ಕೆ ಹತ್ತು ಗಂಟೆ ಒಂಟಿಯಾಗಿ ಕೂಡಿ ಹಾಕಿದರೆ ಅದು ಕಲಿಯುವುದು ಒಂದೇ, ಹೆದರಿಕೆ.

ಆಮೇಲೆ ನಮ್ಮ ಆಸೆಯ ನಾಯಿಗಳನ್ನು ಒಂದೊಂದಾಗಿ ಹಾಳೆಯ ಪಕ್ಕ ನಿಲ್ಲಿಸಿ ನೋಡಿದೆವು. ಲ್ಯಾಬ್ರಡಾರ್ ಬೇಟೆಗಾರ ಹೊಡೆದ ಹಕ್ಕಿಯನ್ನು ನೀರಿಗಿಳಿದು ತಂದುಕೊಡಲು ಬೆಳೆಸಿದ ನಾಯಿ. ಕೆಲಸ ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಸಾಮಾನ್ಯವಾಗಿ ಸೋಫಾದಲ್ಲಿ. ನನ್ನ ಬೀಗಲ್ ಕಥೆ ಇನ್ನೂ ಬೇರೆ. ಗುಂಪಿನಲ್ಲಿ ಓಡಿ ಮೊಲ ಅಟ್ಟಿಸಿಕೊಂಡು, ದೂರದಲ್ಲಿರುವ ಯಜಮಾನನಿಗೆ ಕೇಳುವ ಹಾಗೆ ಊಳಿಡಲಿ ಅಂತ ಬೆಳೆಸಿದ್ದು. ಒಂಟಿತನ ಅದಕ್ಕೆ ಆಗದು, ಗಂಟಲು ಮಾತ್ರ ದೊಡ್ಡದು. ಗೋಡೆಗೆ ಗೋಡೆ ಅಂಟಿದ ನಮ್ಮ ಫ್ಲಾಟಿನಲ್ಲಿ ಅದು ಎಷ್ಟು ದಿನ ನಡೆದೀತು? ಮೊಬೈಲ್ ಜಾಹೀರಾತಿನ ಕಾಲದಿಂದ ಮನೆಮಾತಾದ ಪಗ್ ಫ್ಲಾಟಿಗೆ ಸರಿ ಅಂತ ಎಲ್ಲರೂ ಹೇಳಿದರು. ಗಾತ್ರಕ್ಕೆ ಸರಿಯೇ. ಆದರೆ ಆ ಚಪ್ಪಟೆ ಮೂತಿಯಲ್ಲಿ ಸರಿಯಾಗಿ ಉಸಿರೇ ಆಡುವುದಿಲ್ಲ. ಪಶ್ಚಿಮದ ಬಿಸಿಲು ಬೀಳುವ ನಮ್ಮ ಹಾಲ್‌ನಲ್ಲಿ ಏಪ್ರಿಲ್ ಮಧ್ಯಾಹ್ನ ಅದನ್ನು ಬಿಟ್ಟುಹೋಗಲು ನನಗೆ ಧೈರ್ಯ ಬರಲಿಲ್ಲ. ಹಸ್ಕಿ ಬಗ್ಗೆ ಮಾತೇ ಬೇಡ. ಹಿಮದ ನಾಯಿಯನ್ನು ಬೆಂಗಳೂರಿಗೆ ತಂದು ಏಸಿಯಲ್ಲಿ ಇಡುವುದು ನಾಯಿ ಮೇಲಿನ ಪ್ರೀತಿ ಅಂತ ನನಗಂತೂ ಅನಿಸುವುದಿಲ್ಲ.

ಬಾಗಲಕೋಟೆ ಕಡೆಯ ಗೆಳತಿಯೊಬ್ಬಳು ಮುಧೋಳ ನಾಯಿ ತಗೋ ಅಂದಳು. ನಮ್ಮದೇ ನೆಲದ ನಾಯಿ, ಅಂಚೆ ಚೀಟಿಯ ಮೇಲೂ ಬಂದಿದೆ. ನಿಜವಾಗಿಯೂ ಆಸೆಯಾಯಿತು. ಕಣ್ಣಿಗೆ ಬಿದ್ದ ಬೇಟೆಯನ್ನು ಬಾಣದ ಹಾಗೆ ಅಟ್ಟುವ ಜಾತಿ ಅದು. ಮನೆಯೊಳಗೆ ಹೆಚ್ಚು ಹೊತ್ತು ಸುಮ್ನೆ ಮಲಗಿರುತ್ತದೆ, ಆದರೆ ದಿನಕ್ಕೊಮ್ಮೆ ಜೀವ ಬಿಟ್ಟು ಓಡಲು ಬೇಲಿ ಇರುವ ಬಯಲು ಬೇಕು. ನಮ್ಮಲ್ಲಿರುವುದು ಪಾರ್ಕಿಂಗ್.

ಹೀಗೆ ಪಟ್ಟಿಯಿಂದ ಒಂದೊಂದನ್ನೇ ತೆಗೆಯುತ್ತಾ ಹೋದಾಗ ಕೊನೆಗೆ ಉಳಿದದ್ದು ಯಾರೂ ನಮಗೆ ಹೇಳದ ನಾಯಿ. ಕಂತ್ರಿ. ಅದೂ ಮರಿಯಲ್ಲ, ಮೂರು ನಾಲ್ಕು ವರ್ಷ ದಾಟಿದ್ದು. ಈ ವಯಸ್ಸಿನ ನಾಯಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದರ ಗುಣ ಆಗಲೇ ಮುಗಿದ ಲೆಕ್ಕ, ಎದುರಿಗೇ ಕಾಣುತ್ತದೆ. ಮರಿ ಮಾತ್ರ ಲಾಟರಿ ಟಿಕೆಟ್. ಅಲ್ಲದೆ ದೊಡ್ಡ ನಾಯಿ ದಿನದಲ್ಲಿ ಅರ್ಧ ದಿನ ನಿದ್ದೆಯಲ್ಲೇ ಇರುತ್ತದೆ. ನಮ್ಮ ಹಾಳೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿತ್ತೇ?

ಊರಾಚೆಯ ಒಂದು ಆಶ್ರಯಧಾಮಕ್ಕೆ ಮೂರು ಶನಿವಾರ ಹೋದೆವು. ಮೊದಲ ದಿನ ಗೇಟು ತೆಗೆಯುತ್ತಿದ್ದ ಹಾಗೆ ಒಂದು ಬಿಳಿ ನಾಯಿ ನನ್ನ ಗಂಡನ ಭುಜದವರೆಗೆ ಹಾರಿ ಮುಖ ನೆಕ್ಕಿತು. ಅವರು ಅಲ್ಲೇ ಸೋತರು. ಅಲ್ಲಿನ ಕೆಲಸದಾಕೆ ಮೆಲ್ಲಗೆ ಹೇಳಿದಳು, "ಸಾರ್, ಹೀಗೆ ಬರೋದು ಮನುಷ್ಯರಿಲ್ಲದೆ ಇರಲ್ಲ. ನೀವು ಹೋದ್ರೆ ಬಾಗಿಲು ಕೆರೆದು ಉಗುರು ಕಿತ್ಕೊಳ್ಳುತ್ತೆ. ಆ ಮೂಲೇಲಿ ಇರೋದನ್ನ ನೋಡಿ."

ಮೂಲೆಯಲ್ಲಿ ಕೆಂಚು ಬಣ್ಣದ ಹೆಣ್ಣು ನಾಯಿ. ಹಿಂದಿನ ಎಡಗಾಲು ಸ್ವಲ್ಪ ಸೊಟ್ಟ. ಬೈಕ್ ಗುದ್ದಿ ಬಂದದ್ದಂತೆ, ಮೂಳೆ ಕೂಡಿ ವರ್ಷವಾಗಿತ್ತು. ಕಿವಿಯ ತುದಿಯಲ್ಲಿ ಸಣ್ಣದೊಂದು ಕಚ್ಚು. ಸಂತಾನಹರಣ ಮಾಡಿದ್ದಕ್ಕೆ ಹಾಕುವ ಗುರುತು ಅದು. ನಮ್ಮನ್ನು ನೋಡಿತು, ಬಾಲ ಎರಡು ಸಲ ನೆಲಕ್ಕೆ ಬಡಿಯಿತು, ಮತ್ತೆ ತಲೆ ಇಟ್ಟು ಮಲಗಿತು.

ಎರಡನೇ ಶನಿವಾರ ಹಗ್ಗ ಹಾಕಿ ರಸ್ತೆಗೆ ಕರೆದುಕೊಂಡು ಹೋದೆವು. ಬಸ್ಸು ಹಾರ್ನ್ ಹೊಡೆದಾಗ ಬೆಚ್ಚಿತು, ಆದರೆ ಮೂರು ಹೆಜ್ಜೆಯಲ್ಲಿ ಮತ್ತೆ ನೆಲ ಮೂಸತೊಡಗಿತು. ಬೆಚ್ಚುವುದು ತಪ್ಪಲ್ಲ, ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು. ಮೂರನೇ ಶನಿವಾರ ನಾನು ಒಂದು ವಿಚಿತ್ರ ಕೋರಿಕೆ ಇಟ್ಟೆ. ಅದನ್ನು ಖಾಲಿ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ, 20 ನಿಮಿಷ ಕಿಟಕಿಯಿಂದ ನೋಡುತ್ತೇನೆ ಅಂದೆ. ಒಪ್ಪಿದರು. ಕೋಣೆಯನ್ನು ಎರಡು ಸುತ್ತು ಹಾಕಿತು. ಬಾಗಿಲ ಸಂದಿಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡಿತು. ಒಂದು ಸಲ ಕುಂಯ್ ಅಂದಿತು. ಆಮೇಲೆ ನಿಂತಲ್ಲೇ ಮೂರು ಸುತ್ತು ತಿರುಗಿ, ಉಸ್ ಅಂತ ಕುಸಿದು, ಬಾಲವನ್ನು ಮೂಗಿನ ಹತ್ತಿರ ಎಳೆದುಕೊಂಡು ಕಣ್ಣು ಮುಚ್ಚಿತು. ಆರು ನಿಮಿಷವೂ ಆಗಿರಲಿಲ್ಲ. ನಾವು ನಾಯಿ ಆರಿಸಿದ್ದು ಆ ಕಿಟಕಿಯಲ್ಲಿ.

ಹೆಸರು ಹುಡುಕುವ ಕಷ್ಟ ಇರಲಿಲ್ಲ. ಕೆಂಚು ಬಣ್ಣ, ಕೆಂಚಿ.

ಮನೆಗೆ ತಂದ ಮೇಲೆ ಇಬ್ಬರೂ ಸರದಿಯಲ್ಲಿ ಆರಾರು ದಿನ ರಜೆ ಹಾಕಿದೆವು. ಆ 12 ದಿನ ಕೆಂಚಿಗೆ ಕಲಿಸಿದ್ದು ಒಂದೇ ಪಾಠ, ಹೋದವರು ಬರುತ್ತಾರೆ ಅಂತ. ಬೀಗದ ಕೈ ಝಣಝಣ ಅನ್ನಿಸಿ ಎಲ್ಲಿಗೂ ಹೋಗದೆ ಸೋಫಾದಲ್ಲಿ ಕೂರುವುದು. ಚಪ್ಪಲಿ ಹಾಕಿ ಒಂದು ನಿಮಿಷ ಆಚೆ ನಿಲ್ಲುವುದು. ಮೂರು ನಿಮಿಷ. ಹತ್ತು. ಅರ್ಧ ಗಂಟೆ ಕೆಳಗೆ ಅಂಗಡಿ. ನಾನು ಮೆಟ್ಟಿಲ ಮೇಲೆ ಕೂತು ಹಳೆಯ ಫೋನಿನ ಕ್ಯಾಮೆರಾದಲ್ಲಿ ನನ್ನದೇ ಮನೆಯನ್ನು ಇಣುಕುತ್ತಿದ್ದದ್ದನ್ನು ನೋಡಿ ಎದುರು ಮನೆಯವರು ಗಂಡ ಹೆಂಡತಿ ಜಗಳ ಅಂದುಕೊಂಡರಂತೆ. ಹೋಗುವಾಗ, ಬಂದಾಗ ಮುದ್ದು ಮಾಡಬಾರದು ಅನ್ನುವುದೂ ಪಾಠದ ಭಾಗ. ಇದನ್ನು ಕೆಂಚಿ ಕಲಿತಳು. ನನ್ನ ಗಂಡ ಇನ್ನೂ ಕಲಿತಿಲ್ಲ.

ಮೊದಲ ಪೂರ್ತಿ ದಿನ ಬಿಟ್ಟುಹೋದಾಗ 9.40ಕ್ಕೆ ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ದೂರು. ನಾಯಿ ಊಳಿಡುತ್ತಿದೆ. ಎದೆ ಧಸಕ್ ಅಂದಿತು. ಎರಡನೇ ದಿನವೂ ಅದೇ ಹೊತ್ತಿಗೆ. ಮೂರನೇ ದಿನ ಕ್ಯಾಮೆರಾದ ಸದ್ದು ಜೋರು ಮಾಡಿ ಕೇಳಿದೆ. ಕೆಳಗೆ ಕಸದ ಗಾಡಿ ಬಂದಿತ್ತು, ಅದರ ಧ್ವನಿವರ್ಧಕದಲ್ಲಿ ಹಾಡು. ಕೆಂಚಿ ಮೂತಿ ಮೇಲೆತ್ತಿ ದನಿ ಸೇರಿಸುತ್ತಿದ್ದಳು! ಗಾಡಿ ತಿರುವು ದಾಟಿದ ಕೂಡಲೇ ಕಛೇರಿ ಮುಗಿಯಿತು. ಬಾಲ್ಕನಿ ಬಾಗಿಲು ಮುಚ್ಚಿ ಹೊರಡುವುದು, ಆ ಹೊತ್ತಿಗೆ ಟೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರು, ಬೇಯಿಸಿದ ಕ್ಯಾರೆಟ್ ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕೊಡುವುದು, ಇಷ್ಟರಲ್ಲಿ ಮುಗಿದುಹೋಯಿತು. ನೆಕ್ಕಿ ಖಾಲಿ ಮಾಡಲು ಮುಕ್ಕಾಲು ಗಂಟೆ ಬೇಕು.

ಆದರೂ ಹತ್ತು ಗಂಟೆ ಹತ್ತು ಗಂಟೆಯೇ. ಎಂಥ ಶಾಂತ ನಾಯಿಯಾದರೂ ಅಷ್ಟು ಹೊತ್ತು ಉಚ್ಚೆ ಕಟ್ಟಿಕೊಂಡು ಇರಬೇಕು ಅನ್ನುವುದು ಅನ್ಯಾಯ. ಅದಕ್ಕೆ ಆ ಮೂರು ದಿನ ಮಧ್ಯಾಹ್ನ ಒಂದು ಗಂಟೆಗೆ ಒಬ್ಬ ಹುಡುಗ ಬಂದು 25 ನಿಮಿಷ ಓಡಾಡಿಸುತ್ತಾನೆ. ತಿಂಗಳಿಗೆ 3,000 ರೂಪಾಯಿ. ಈ ದುಡ್ಡು ಇಲ್ಲ ಅಂದಿದ್ದರೆ ನಾವು ನಾಯಿ ತರುತ್ತಿರಲಿಲ್ಲ. ಬೆಳಿಗ್ಗೆ ಆರೂಕಾಲಿಗೆ 45 ನಿಮಿಷದ ನಡಿಗೆ ನನ್ನ ಪಾಲು. ಮಳೆ ಇರಲಿ, ಆಡಿಟ್ ಇರಲಿ, ಅದು ತಪ್ಪುವುದಿಲ್ಲ. ಬೆಳಿಗ್ಗೆ ದಣಿದರೆ ಮಾತ್ರ ಹಗಲು ನಿದ್ದೆ. ಅವಸರದಲ್ಲಿ ಮೂಸಲು ಬಿಡದೆ ಎಳೆದುಕೊಂಡು ಬಂದ ದಿನ ಚಪ್ಪಲಿಗೆ ಶಿಕ್ಷೆ.

ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ನಾಯಿಗೆ ಲಿಫ್ಟ್ ಬೇಡ ಅಂದರು. ನಾವಿರುವುದು ಆರನೇ ಮಹಡಿ, ಕೆಂಚಿಯ ಕಾಲು ಸೊಟ್ಟ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಬಹುಮತದ ಠರಾವು ಮಾಡಿಯೂ ಸಂಘದವರು ಸಾಕುಪ್ರಾಣಿ ನಿಷೇಧಿಸುವ ಹಾಗಿಲ್ಲ, ಲಿಫ್ಟ್ ತಡೆಯುವ ಹಾಗಿಲ್ಲ. ಅದರ ಪ್ರತಿ ತೆಗೆದುಕೊಂಡೇ ಹೋದೆ. ಆದರೆ ಕೊಟ್ಟದ್ದು ಆಮೇಲೆ. ಮೊದಲು ಪಾಲಿಕೆಯ ಲೈಸೆನ್ಸ್, ರೇಬೀಸ್ ಲಸಿಕೆಯ ಕಾರ್ಡು ತೋರಿಸಿದೆ, ಹಗ್ಗ ಗಿಡ್ಡವಾಗಿ ಹಿಡಿಯುತ್ತೇನೆ, ಹೇಲು ನಾನೇ ಎತ್ತುತ್ತೇನೆ ಅಂದೆ. ಕಾನೂನಿಗಿಂತ ಆ ಕೊನೆಯ ಮಾತು ಜಾಸ್ತಿ ಕೆಲಸ ಮಾಡಿತು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಬೀದಿ ನಾಯಿ ಗಟ್ಟಿ, ಕಾಯಿಲೆ ಬರಲ್ಲ ಅಂತ ನಂಬಿದ್ದೆ. ಮೂರನೇ ತಿಂಗಳು ಕೆಂಚಿ ಮೊಟ್ಟೆ ಮೂಸಿ ಹಿಂದೆ ಸರಿದಳು. ಕ್ಯಾಮೆರಾದಲ್ಲಿ ಮಾತ್ರ ಎಂದಿನಂತೆ ಶಾಂತವಾಗಿ ಮಲಗಿದ್ದಳು. ನಾನು ಎರಡು ದಿನ ಸುಮ್ಮನಿದ್ದೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾದದ್ದು ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಜ್ವರ, ಪ್ಲೇಟ್‌ಲೆಟ್ ಕೆಳಗಿಳಿದಿತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ, ದಿನವೂ ಅನ್ನದ ಉಂಡೆಯಲ್ಲಿ ಬಚ್ಚಿಟ್ಟು. ಈಗ ಸಂಜೆ ಬಂದ ಕೂಡಲೇ ಕಿವಿಯ ಮಡಿಕೆ, ಕಾಲ್ಬೆರಳ ಸಂದಿ, ಒಸಡು ನೋಡುವುದು ಕಾಫಿಗಿಂತ ಮೊದಲಿನ ಕೆಲಸ. ದಿನವೆಲ್ಲ ಮನೆಯಲ್ಲಿ ಇಲ್ಲದವರು ಸಂಜೆಯ ಹತ್ತು ನಿಮಿಷವಾದರೂ ಮುಟ್ಟಿ ನೋಡಬೇಕಲ್ವಾ.

ತಿಪಟೂರಿನಿಂದ ಅಮ್ಮ ಬಂದಿದ್ದರು. ನಮ್ಮ ಊರಿನ ಮನೆಯಲ್ಲಿ ನಾಯಿಗೆ ಜಗಲಿಯೇ ಗಡಿ. "ಹೊಸ್ತಿಲು ದಾಟಿ ಒಳಗೆ ಬರುತ್ತಾ ಇದು?" ಅಂದರು. ದೇವರ ಕೋಣೆಗೆ ಅಡ್ಡ ಹಲಗೆ ಇಟ್ಟೆವು, ಕೆಂಚಿ ಅದನ್ನು ಒಂದು ಸಲವೂ ದಾಟಲಿಲ್ಲ. ಅಮ್ಮ ಅವಳನ್ನು ಇವತ್ತಿಗೂ ಮುಟ್ಟುವುದಿಲ್ಲ. ರಾಗಿ ಮುದ್ದೆಯ ಚೂರನ್ನು ಮಾತ್ರ ಗುರಿಯಿಟ್ಟು ಎಸೆಯುತ್ತಾರೆ.

ಹೋದ ವಾರ ಗಂಡನ ಆಫೀಸಿನಿಂದ ಮೇಲ್ ಬಂತು. ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕು ದಿನ ಕಡ್ಡಾಯ. ಮಧ್ಯಾಹ್ನದ ಹುಡುಗನಿಗೆ ಇನ್ನೊಂದು ದಿನ ಬಿಡುವಿದೆಯಾ ಅಂತ ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಫ್ರಿಜ್ಜಿನ ಮೇಲೆ ಹೊಸ ಹಾಳೆ ಅಂಟಿಸಿದ್ದೇನೆ.