ಕಿಲ್ ಮಡ್ ಹಾಕಿದರೂ ಸಿಮ್ಯುಲೇಶನ್‌ನಲ್ಲಿ ಒತ್ತಡ ಸೊನ್ನೆಗೆ ಇಳಿಯದಿದ್ದಾಗ (ನನ್ನ ಅನುಭವ)

ದಾವಣಗೆರೆಯಲ್ಲಿ ಕೂತು ಎಣ್ಣೆಬಾವಿಯ ವೆಲ್ ಕಂಟ್ರೋಲ್ (ಒಳನುಗ್ಗಿದ ಗ್ಯಾಸನ್ನು ಹತೋಟಿಗೆ ತರುವ ಕೆಲಸ) ಮಾದರಿಯನ್ನು ಪೈಥಾನ್‌ನಲ್ಲಿ ತಾನಾಗಿ ಓಡುವಂತೆ ಮಾಡುವಾಗ ಎರಡು ತಪ್ಪು ಸಿಕ್ಕವು. ಕಿಲ್ ಮಡ್ ಅಂದರೆ ಆ ಗ್ಯಾಸನ್ನು ತಡೆಯಲು ಬಾವಿಗೆ ತುಂಬುವ ಹೆಚ್ಚು ಭಾರದ ದ್ರವ.

ಮೊದಲನೆಯದು ಆಳದ್ದು. ನಮ್ಮ ಕಡೆ ಕೊಳವೆಬಾವಿ ನೆಟ್ಟಗೆ ಇಳಿಯುತ್ತದೆ, ಕೊರೆದ ಅಡಿಯೇ ಆಳ. ಎಣ್ಣೆಬಾವಿ ಓರೆಯಾಗಿರಬಹುದು. ಮಾದರಿ ಬಾವಿಯ ಕೊರೆದ ಉದ್ದ 12,000 ಅಡಿ, ನೇರ ಆಳ 10,000 ಅಡಿ. ಮಣ್ಣಿನ ದ್ರವ, ಅಂದರೆ ಮಡ್, 10 ಪಿಪಿಜಿ (ಗ್ಯಾಲನ್‌ಗೆ ಇಷ್ಟು ಪೌಂಡ್ ಎಂಬ ಸಾಂದ್ರತೆಯ ಅಳತೆ). ಗ್ಯಾಸ್ ನುಗ್ಗಿ ಬಾವಿ ಮುಚ್ಚಿದಾಗ ಡ್ರಿಲ್ ಪೈಪ್ (ಕೊರೆಯುವ ಕೊಳವೆ) ಒತ್ತಡ 520 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದನ್ನು 0.052 (ಪಿಪಿಜಿ ಮತ್ತು ಅಡಿಯನ್ನು ಪಿಎಸ್‌ಐಗೆ ತರುವ ಗುಣಕ) × ನೇರ ಆಳದಿಂದ ಭಾಗಿಸಿ ಹಳೆಯ ಸಾಂದ್ರತೆಗೆ ಕೂಡಿದರೆ ಕಿಲ್ ಮಡ್ 11 ಪಿಪಿಜಿ. ಸ್ಕ್ರಿಪ್ಟ್ ಕೊರೆದ ಉದ್ದ ತೆಗೆದುಕೊಂಡು 10.83 ಕೊಡುತ್ತಿತ್ತು. ತಳದಲ್ಲಿ ಸುಮಾರು 87 ಪಿಎಸ್‌ಐ ಕೊರತೆ. ನಿಜವಾದ ರಿಗ್‌ನಲ್ಲಾದರೆ ಗ್ಯಾಸ್ ಮತ್ತೆ ಒಳನುಗ್ಗುತ್ತದೆ. ಒತ್ತಡದ ಲೆಕ್ಕಕ್ಕೆ ನೇರ ಆಳ, ಪರಿಮಾಣ ಮತ್ತು ಪಂಪ್ ಸ್ಟ್ರೋಕ್ ಲೆಕ್ಕಕ್ಕೆ ಕೊರೆದ ಉದ್ದ. ಎರಡಕ್ಕೂ ಬೇರೆ ಹೆಸರಿಟ್ಟ ಮೇಲೆ ಸರಿಹೋಯಿತು.

ಎರಡನೆಯದು ಚೋಕ್ (ಬಾವಿಯಿಂದ ಹೊರಬರುವ ದ್ರವವನ್ನು ತಡೆದು ಒತ್ತಡ ಹಿಡಿಯುವ ಕವಾಟ) ತೂಗಾಟ. ನಿಯಂತ್ರಕ ಸೆಕೆಂಡಿಗೊಮ್ಮೆ ಚೋಕ್ ತಿರುಗಿಸುತ್ತಿತ್ತು. ಆದರೆ ಚೋಕ್‌ನಲ್ಲಾದ ಬದಲಾವಣೆ ಬಾವಿಯ ತಳ ಮುಟ್ಟಿ ಡ್ರಿಲ್ ಪೈಪ್ ಗೇಜ್‌ಗೆ ಬರಲು ಪ್ರತಿ 1,000 ಅಡಿಗೆ ಸುಮಾರು 2 ಸೆಕೆಂಡ್, ಇಲ್ಲಿ 24 ಸೆಕೆಂಡ್ ಬೇಕು. ಉತ್ತರ ಬರುವ ಮೊದಲೇ ಮತ್ತೆ ಮತ್ತೆ ತಿರುಗಿಸಿದರೆ ಒತ್ತಡ ಏರಿಳಿಯುತ್ತಲೇ ಇರುತ್ತದೆ. ಪ್ರತಿ ತಿದ್ದುಪಡಿಯ ನಂತರ 30 ಸೆಕೆಂಡ್ ಕಾಯಿಸಿದೆ. ಗೇಜ್ ನಿಂತಿತು.

ನಂತರ 5, 10, 20 ಬ್ಯಾರೆಲ್ ಕಿಕ್‌ಗಳನ್ನು (ಗ್ಯಾಸ್ ಒಳನುಗ್ಗುವ ಘಟನೆಗಳನ್ನು) ಸಾಲಾಗಿ ಓಡಿಸಿ. ಕಿಲ್ ಮಡ್ ಪೂರ್ತಿ ಸುತ್ತಿದ ಮೇಲೆ ಪಂಪ್ ನಿಲ್ಲಿಸಿದಾಗ ಡ್ರಿಲ್ ಪೈಪ್ ಮತ್ತು ಕೇಸಿಂಗ್ (ಬಾವಿಯ ಗೋಡೆಗೆ ಇಳಿಸಿದ ಕೊಳವೆ) ಎರಡೂ ಗೇಜ್ ಸೊನ್ನೆ ತೋರಿಸಬೇಕು.